ಮೊದಲು ಚಿನ್ನ, ಆಮೇಲೆ ಬಣ್ಣ: 15ನೇ ಶತಮಾನದ ಯುರೋಪಿನ ಕ್ರಮದಲ್ಲಿ ಒಂದು ಹೊನ್ನಿನ ಅಕ್ಷರ ಬರೆಯುವ ಸಮಗ್ರ ಮಾರ್ಗದರ್ಶಿ

ಮಧ್ಯಯುಗದ ಕೊನೆಯ ಯುರೋಪಿನ ಚಿನ್ನದ ಹಸ್ತಪ್ರತಿಗಳನ್ನು ನೋಡಿ ಮರುಳಾದವರು ಮೊದಲು ಓಡುವುದು ಬಣ್ಣದ ಅಂಗಡಿಗೆ. ನೀಲಿ, ಕೆಂಪು ಎಲ್ಲ ಬಳಿದಾದ ಮೇಲೆ ಉಳಿದ ಜಾಗಕ್ಕೆ ಚಿನ್ನದ ರೇಕು ಹಚ್ಚಲು ಕೂರುತ್ತಾರೆ. ರೇಕು ಬೇಕಾದಲ್ಲಿ ಕೂರುವುದಿಲ್ಲ, ಬೇಡದ ಕಡೆಯೆಲ್ಲ ಹಿಡಿದುಕೊಳ್ಳುತ್ತದೆ. ರೇಕು ಅಂಟಿಸಲೆಂದು ಬಿಡುವ ಉಸಿರಿನ ತೇವಕ್ಕೇ ಬಣ್ಣದಲ್ಲಿರುವ ಗೋಂದೂ ಅಂಟಾಗುವುದು ಇದಕ್ಕೆ ಕಾರಣ. ಹೊಳಪು ಬರಿಸಲು ಕಲ್ಲಿನಿಂದ ಉಜ್ಜಿದರೆ ಪಕ್ಕದ ಬಣ್ಣವೂ ಕಿತ್ತು ಬರುತ್ತದೆ.

ಪ್ಯಾರಿಸ್, ಬ್ರೂಜ್, ಮೈಂಜ್ ಊರುಗಳ ಕುಶಲಕರ್ಮಿಗಳು ಇದನ್ನು ತಿರುಗಾಮುರುಗಾ ಮಾಡುತ್ತಿದ್ದರು. ಮೊದಲು ಬರಹ, ಆಮೇಲೆ ಗೆರೆಚಿತ್ರ, ಆಮೇಲೆ ಚಿನ್ನ, ಆಮೇಲೆ ಬಣ್ಣ, ಕಟ್ಟಕಡೆಗೆ ಬಿಳಿ ಮತ್ತು ಕಪ್ಪು ಗೆರೆ. ಅರ್ಧಕ್ಕೆ ನಿಂತುಹೋದ ಹಸ್ತಪ್ರತಿಗಳನ್ನು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ: ಚಿನ್ನ ಮಿರಮಿರ ಹೊಳೆಯುತ್ತಿರುತ್ತದೆ, ಅದರ ನಡುವಿನ ಮುಖಗಳು ಇನ್ನೂ ಬರೀ ಶಾಯಿಯ ಗೆರೆ. ಈ ಕಲೆಯಲ್ಲಿ ಕೈಚಳಕದ ಪಾಲು ಜನ ಅಂದುಕೊಂಡಷ್ಟಿಲ್ಲ. ಕ್ರಮ ತಪ್ಪದಿದ್ದರೆ ಸಾಧಾರಣ ಕೈಯೂ ಒಪ್ಪುವಂಥ ಅಕ್ಷರ ಬರೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ವಿಧಾನಕ್ಕೆ ಆಧಾರ ಆ ಕಾಲದ ಕೈಪಿಡಿಗಳೇ. ಇಟಲಿಯ ಚೆನ್ನೀನೊ ಚೆನ್ನೀನಿ 1400ರ ಸುಮಾರಿಗೆ ಬರೆದ ಕಸುಬಿನ ಪುಸ್ತಕದಲ್ಲಿ ಜೆಸ್ಸೊ (ಚಿನ್ನದ ಅಡಿಗೆ ಹಾಕುವ ಬಿಳಿ ಲೇಪ) ಕಲಸುವುದರಿಂದ ಹಿಡಿದು ಕಲ್ಲಿನಿಂದ ನೀಲಿ ತೆಗೆಯುವವರೆಗೆ ಎಲ್ಲವೂ ಇದೆ. ಇನ್ನೊಂದು, 1450ರ ಸುಮಾರಿನ ಪುಟ್ಟ ಮಾದರಿ ಪುಸ್ತಕ; ಈಗ ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಸುರುಳಿ ಎಲೆಯನ್ನು ಹಂತಹಂತವಾಗಿ ಹೇಗೆ ಬರೆಯಬೇಕು, ಯಾವ ಬಣ್ಣದ ಮೇಲೆ ಯಾವ ನೆರಳು ಎಂದು ಚಿತ್ರ ಸಮೇತ ಹೇಳುತ್ತದೆ. ಅದೇ ಗ್ರಂಥಾಲಯದಲ್ಲಿರುವ ಗುಟೆನ್‌ಬರ್ಗ್ ಬೈಬಲಿನ ಅಂಚುಗಳಲ್ಲಿ ಅದೇ ಎಲೆಗಳು ಕಾಣುತ್ತವೆ. ಅಕ್ಷರ ಅಚ್ಚಿನದು, ಅಲಂಕಾರ ಕೈಯದು.

ಯಾವ ಅಕ್ಷರ?

ಲ್ಯಾಟಿನ್ 'ಡಿ' (D) ಅಕ್ಷರ ತೆಗೆದುಕೊಳ್ಳೋಣ. ಶ್ರೀಮಂತ ಗೃಹಸ್ಥರು ಮನೆಯಲ್ಲಿ ಪ್ರಾರ್ಥನೆಗೆ ಇಟ್ಟುಕೊಳ್ಳುತ್ತಿದ್ದ 'ಬುಕ್ ಆಫ್ ಅವರ್ಸ್' ಪುಸ್ತಕಗಳಲ್ಲಿ ಇದರ ದರ್ಬಾರೇ ಹೆಚ್ಚು. ಮರಿಯಮ್ಮನ ಮುಂಜಾವಿನ ಪ್ರಾರ್ಥನೆ 'ದೋಮಿನೆ ಲಾಬಿಯಾ ಮೆಯಾ ಅಪೆರಿಯೆಸ್' ಎಂದು ಶುರುವಾಗುತ್ತದೆ. ಮುಂದಿನ ಹೊತ್ತುಗಳ ಪ್ರಾರ್ಥನೆಗಳೂ ಹೆಚ್ಚಾಗಿ 'ದೇವುಸ್' ಎಂದೇ ಶುರು. ಹಾಗಾಗಿ ಒಬ್ಬ ಕಲಾವಿದ ಜೀವಮಾನದಲ್ಲಿ ಅತಿ ಹೆಚ್ಚು ಬರೆದ ಅಲಂಕೃತ ಅಕ್ಷರ ಬಹುಶಃ ಇದೇ. ಇದು ನೇರ ಬೆನ್ನಿನ 'ಡಿ' ಅಲ್ಲ; ದುಂಡಗಿರುವುದರಿಂದ ಕೈವಾರದಲ್ಲಿ ಎಳೆಯಬಹುದು.

ಶೈಲಿ, ಫ್ರಾನ್ಸಿನಲ್ಲಿ ಬಹಳ ಬಳಕೆಯಲ್ಲಿದ್ದ 'ಶಾಂಪಿ': ಅಕ್ಷರ ಚಿನ್ನದ್ದು, ಒಳಗಿನ ಹೊಟ್ಟೆ ಗುಲಾಬಿ, ಹೊರಗಿನ ಚೌಕ ನೀಲಿ, ಎರಡರ ಮೇಲೂ ಬಿಳಿ ಬಳ್ಳಿಯ ಗೆರೆ. ಮೂಲ ಪುಸ್ತಕಗಳಲ್ಲಿ ಇದು ಎರಡು ಮೂರು ಸಾಲಿನ ಎತ್ತರ ಇರುತ್ತಿತ್ತು. ಕಲಿಯಲು 6 ಸೆಂ.ಮೀ. ಚೌಕ ಇಟ್ಟುಕೊಳ್ಳಿ.

ತೊಗಲು ಅಥವಾ ಕಾಗದ

ಅವರು ಬರೆಯುತ್ತಿದ್ದುದು ಕರು, ಕುರಿ, ಮೇಕೆಯ ತೊಗಲಿನ ಮೇಲೆ. ಚರ್ಮವನ್ನು ಸುಣ್ಣದ ನೀರಿನಲ್ಲಿ ದಿನಗಟ್ಟಲೆ ನೆನೆಸಿ, ಕೂದಲು ಹೆರೆದು, ಮರದ ಚೌಕಟ್ಟಿಗೆ ಬಿಗಿದು, ಅರ್ಧಚಂದ್ರಾಕಾರದ ಕತ್ತಿಯಿಂದ ಕೆರೆಯುತ್ತ, ಒಣಗಿದಂತೆ ಮತ್ತೆ ಬಿಗಿಯುತ್ತ ಹೋಗುತ್ತಿದ್ದರು. ಇದು ಹದ ಮಾಡಿದ ಚರ್ಮವಲ್ಲ; ಬಿಗಿತದಲ್ಲೇ ಒಣಗಿದ ಹಸಿ ತೊಗಲು. ಪಾರ್ಚ್‌ಮೆಂಟ್ ಹೆಸರಿನಲ್ಲಿ ಈಗಲೂ ಸಿಗುತ್ತದೆ, ಆದರೆ ತರಿಸಿಕೊಳ್ಳಬೇಕು, ದುಬಾರಿ. ತಬಲಾ, ಡೋಲಿನ ಚರ್ಮ ಆದೀತೇ ಎಂದು ಯೋಚಿಸಬೇಡಿ. ಅದು ಬರೆಯಲೆಂದು ಹೆರೆದು ಸಿದ್ಧಪಡಿಸಿದ್ದಲ್ಲ.

ಮೊದಲ ಸಲಕ್ಕೆ 300 ಜಿ.ಎಸ್.ಎಂ. ಹಾಟ್ ಪ್ರೆಸ್ಡ್ ಹತ್ತಿ ಕಾಗದ ಸಾಕು. ನಯವಾಗಿರುವುದೇ ಮುಖ್ಯ; ತರಿತರಿ ಜಲವರ್ಣ ಕಾಗದ ಬೇಡವೇ ಬೇಡ. ನಾಲ್ಕೂ ಅಂಚಿಗೆ ಟೇಪು ಹಾಕಿ ಗಟ್ಟಿ ಹಲಗೆಗೆ ಕೂರಿಸಿ. ಹಾಳೆ ಬಾಗಿದರೆ ಮೇಲಿನ ಜೆಸ್ಸೊ ಬಿರುಕು ಬಿಡುತ್ತದೆ.

ತೊಗಲೇ ಸಿಕ್ಕಿದ್ದರೆ ಅದರ ಎರಡು ಮೈ ಗುರುತಿಸಿ. ಕೂದಲಿದ್ದ ಬದಿ ತುಸು ಹಳದಿ, ಗಡುಸು. ಮಾಂಸದ ಬದಿ ಬೆಳ್ಳಗೆ, ಮೆತ್ತಗೆ. ಪುಸ್ತಕ ಕಟ್ಟುವಾಗ ಎದುರುಬದುರು ಪುಟಗಳು ಒಂದೇ ಬಣ್ಣದ್ದಾಗಿರಲೆಂದು ಕೂದಲ ಬದಿಗೆ ಕೂದಲ ಬದಿ, ಮಾಂಸದ ಬದಿಗೆ ಮಾಂಸದ ಬದಿ ಎದುರಾಗುವಂತೆ ಜೋಡಿಸುತ್ತಿದ್ದರು. ಪ್ಯೂಮಿಸ್ ಕಲ್ಲಿನ ನುಣುಪಾದ ಪುಡಿ ಉದುರಿಸಿ ಹಗುರವಾಗಿ ಉಜ್ಜಿದರೆ ಜಿಡ್ಡು ಹೋಗಿ ಶಾಯಿ ಹಿಡಿಯುತ್ತದೆ. ಆಮೇಲೆ ಬರಿಗೈ ತಾಗಿಸಬೇಡಿ. ಕೈಯ ಅಡಿಗೆ ಒಂದು ಕಾಗದದ ತುಂಡು ಸದಾ ಇರಲಿ.

ಗೆರೆ

ಸೀಸದ ಕಡ್ಡಿಯಿಂದ ಗೆರೆ ಹಾಕುವುದು ಆಗಿನ ರೂಢಿ. ನಮಗೆ ಚೂಪಾದ 2ಎಚ್ ಪೆನ್ಸಿಲ್. ಚೌಕ ಎಳೆದು ನಡುವೆ 2 ಸೆಂ.ಮೀ. ತ್ರಿಜ್ಯದ ವೃತ್ತ ಹಾಕಿ. ಅದರೊಳಗೆ ಎತ್ತರವಾದ ಮೊಟ್ಟೆಯಾಕಾರ; ಎರಡರ ನಡುವಿನ ಜಾಗವೇ ಅಕ್ಷರದ ಮೈ. ಎಡಬಲದಲ್ಲಿ ಮೈ ದಪ್ಪ, ಮೇಲೆ ಕೆಳಗೆ ತೆಳು. ಮೇಲ್ತುದಿಯಿಂದ ಒಂದು ಬಾಲ ಎಡಕ್ಕೆ ಬಾಗಿ ಹೋಗಲಿ. ಕೈವಾರದ ಮುಳ್ಳಿನ ತೂತು ಹೊಟ್ಟೆಯ ನಡುವೆ ಬೀಳುತ್ತದೆ, ಗುಲಾಬಿ ಬಣ್ಣ ಅದನ್ನು ಮುಚ್ಚುತ್ತದೆ. ಜೆಸ್ಸೊ ಬೀಳುವ ಕಡೆ ಮಾತ್ರ ಮುಳ್ಳು ಊರಬೇಡಿ.

ಪೆನ್ಸಿಲ್ ಗೆರೆಯ ಮೇಲೆ ನೀರು ಬೆರೆಸಿದ ಕಂದು ಶಾಯಿಯಲ್ಲಿ ಸಣ್ಣ ನಿಬ್ಬಿನಿಂದ ತಿದ್ದಿ, ಒಣಗಿದ ಮೇಲೆ ಪೆನ್ಸಿಲ್ ಅಳಿಸಿ. ಶಾಯಿ ನೀವೇ ಮಾಡಬೇಕೆಂದಿದ್ದರೆ ಗ್ರಂಥಿಗೆ ಅಂಗಡಿಗೆ ಹೋಗಿ. ಯುರೋಪಿನ ಲಿಪಿಕಾರರ ಕಪ್ಪು ಶಾಯಿಗೆ ಬೇಕಾಗಿದ್ದ ಮೂರೂ ಸಾಮಾನು ಅಲ್ಲೇ ಸಿಗುತ್ತವೆ: ಮಾಚಿಕಾಯಿ, ಅನ್ನಭೇದಿ, ಗೋಂದು. ಮಾಚಿಕಾಯಿ ಜಜ್ಜಿ ನೀರಿನಲ್ಲಿ ನೆನೆಸಿ, ಸೋಸಿ, ಅನ್ನಭೇದಿ ಹಾಕಿದರೆ ನೋಡುತ್ತಿದ್ದಂತೆ ಕಪ್ಪಾಗುತ್ತದೆ. ಗೋಂದು ಅದಕ್ಕೆ ಮೈ ಕೊಡುತ್ತದೆ.

ಲಿಪಿಕಾರ ಮತ್ತು ಚಿತ್ರಕಾರ ಸಾಮಾನ್ಯವಾಗಿ ಬೇರೆಬೇರೆ ಜನ. ಲಿಪಿಕಾರ ಜಾಗ ಬಿಟ್ಟು, ಯಾವ ಅಕ್ಷರ ಬರಬೇಕೆಂದು ಅಲ್ಲೊಂದು ಪುಟ್ಟ ಗುರುತು ಹಾಕಿ ಹಾಳೆಯನ್ನು ಮುಂದಕ್ಕೆ ಕಳಿಸುತ್ತಿದ್ದ. ನೀವೂ ಪಕ್ಕದಲ್ಲಿ ಸಾಲು ಬರೆಯುವುದಿದ್ದರೆ ಈಗಲೇ ಬರೆದುಬಿಡಿ. ಚಿನ್ನ ಆದ ಮೇಲೆ ಶಾಯಿ ಚೆಲ್ಲಿದರೆ ದೇವರೇ ಗತಿ.

ಜೆಸ್ಸೊ: ಅಡಿಪಾಯ

ಇಲ್ಲಿ ನಿಧಾನವಾಗಬೇಕು. ಪುಟದ ಮೇಲೆ ಚಿನ್ನ ಉಬ್ಬಿ ಹೊಳೆಯುವುದು ಲೋಹದ ದಪ್ಪದಿಂದಲ್ಲ. ರೇಕು ಊದಿದರೆ ಹಾರುವಷ್ಟು ತೆಳು. ಅದರಡಿಯ ಜೆಸ್ಸೊ ದಿಂಬಿನಿಂದ ಆ ಉಬ್ಬು. ಮೇಲ್ಮೈ ಬಾಗಿರುವುದರಿಂದ ಪುಟ ಯಾವ ಕಡೆ ತಿರುಗಿದರೂ ಎಲ್ಲೋ ಒಂದು ಕಡೆ ಬೆಳಕು ಸಿಕ್ಕಿಬೀಳುತ್ತದೆ. ಮೈಸೂರು ಶೈಲಿಯ ಚಿತ್ರ ಬರೆಯುವವರಿಗೆ ಜೆಸ್ಸೊ ಹೊಸದಲ್ಲ, ಆದರೆ ಪಾಕ ಬೇರೆ. ಅದನ್ನೇ ಇಲ್ಲಿ ಬಳಸಿದರೆ ಫಲ ಬೇರೆಯಾದೀತು.

ಚೆನ್ನೀನಿ ಹೇಳುವುದು ಹೀಗೆ: ನುಣುಪು ಜೆಸ್ಸೊ, ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ ಸೀಸದ ಸಫೇದ (ಸೀಸದಿಂದ ಮಾಡಿದ ಬಿಳಿ ಪುಡಿ), ಅದಕ್ಕಿಂತಲೂ ಕಡಿಮೆ ಸಕ್ಕರೆ. ಇಂದಿನ ಕಸುಬುದಾರರ ಅಳತೆ ತುಸು ಬೇರೆ: 8 ಪಾಲು ಜೆಸ್ಸೊ ಪುಡಿ, 3 ಪಾಲು ಸಫೇದ, 1 ಪಾಲು ಸಕ್ಕರೆ, 1 ಪಾಲು ಮೀನಿನ ಅಂಟು. ಸೀಸ ವಿಷ, ಮನೆಯಲ್ಲಿ ಬೇಡ. ಬದಲಿಗೆ ಟೈಟಾನಿಯಂ ಬಿಳಿ ಹಾಕಿ. ಬಾಗುವ ಗುಣ ತುಸು ಕಡಿಮೆಯಾಗುತ್ತದೆ, ಹಲಗೆಗೆ ಅಂಟಿಸಿದ ಹಾಳೆಗೆ ಅದು ತೊಂದರೆಯಲ್ಲ.

ಪಾಕಕ್ಕೆ ಬೇಕಾದ ಜೆಸ್ಸೊ ಪುಡಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಿಂದ ಆಗುವಂಥದ್ದು, ಆದರೆ ಅದನ್ನು ನೇರ ಬಳಸಿದರೆ ಕಲ್ಲಾಗುತ್ತದೆ. ಮೊದಲು ಅದನ್ನು ಸಾಯಿಸಬೇಕು. ದೊಡ್ಡ ಬಕೆಟ್ಟಿನ ತುಂಬ ನೀರಿಗೆ ಸ್ವಲ್ಪ ಸ್ವಲ್ಪವೇ ಉದುರಿಸುತ್ತ ಒಂದು ಗಂಟೆ ಬಿಡದೆ ಕಲಕಿ. ಆಮೇಲೆ ಸುಮಾರು ಒಂದು ತಿಂಗಳು ದಿನವೂ ಕಲಕಬೇಕು, ಆಗಾಗ ನೀರು ಬದಲಿಸಬೇಕು. ಗಟ್ಟಿಯಾಗುವ ಹಟ ಬಿಟ್ಟು ರೇಷ್ಮೆಯಷ್ಟು ನುಣುಪಾದ ಬಿಳಿ ಗಸಿ ತಳದಲ್ಲಿ ಉಳಿಯುತ್ತದೆ. ಬಟ್ಟೆಯಲ್ಲಿ ಹಿಂಡಿ ಬಿಲ್ಲೆ ಮಾಡಿ ಒಣಗಿಸಿಡಿ, ವರ್ಷಗಟ್ಟಲೆ ಇರುತ್ತದೆ. ಇಷ್ಟು ವ್ಯವಧಾನ ಇಲ್ಲದವರು ಸಿದ್ಧ ಜೆಸ್ಸೊ ಉಂಡೆ ತರಿಸಿಕೊಳ್ಳಬಹುದು, ಅದರಲ್ಲಿ ನಾಚಿಕೆಯೇನಿಲ್ಲ. ಕ್ಯಾನ್ವಾಸಿಗೆ ಬಳಿಯುವ ಅಕ್ರಿಲಿಕ್ 'ಜೆಸ್ಸೊ' ಡಬ್ಬಿ ಮಾತ್ರ ತರಬೇಡಿ. ಹೆಸರು ಒಂದೇ, ವಸ್ತು ಬೇರೆ. ಅದು ಉಸಿರಿಗೆ ಅಂಟಾಗುವುದೇ ಇಲ್ಲ.

ಎಲ್ಲವನ್ನೂ ಗಾಜಿನ ಹಲಗೆಯ ಮೇಲೆ ಹಾಕಿ, ಸಕ್ಕರೆಯ ಬದಲು ಕಲ್ಲುಸಕ್ಕರೆ ಕರಗಿಸಿ ಬಳಸಿ, ಗಾಜಿನ ಗುಂಡಿನಿಂದ ಅರ್ಧ ಗಂಟೆಯಾದರೂ ಅರೆಯಿರಿ. ಕಲ್ಲುಸಕ್ಕರೆಯ ಕೆಲಸ ತೇವ ಹೀರುವುದು, ಅಂಟಿನ ಕೆಲಸ ಹಿಡಿದಿಡುವುದು. ಬಿಳಿ ಹಾಳೆಯ ಮೇಲೆ ಬಿಳಿ ಜೆಸ್ಸೊ ಕಾಣುವುದಿಲ್ಲವಾದ್ದರಿಂದ ಅವರು ಅರ್ಮೇನಿಯನ್ ಬೋಲ್ ಎಂಬ ಕೆಂಪು ಜೇಡಿಯ ಚಿಟಿಕೆ ಸೇರಿಸುತ್ತಿದ್ದರು. ಚೆನ್ನಾಗಿ ಅರೆದ ಕಾವಿ ಸಾಕು. ಸಣ್ಣ ಬಟ್ಟುಗಳಾಗಿ ಬಿಟ್ಟು ಒಣಗಿಸಿ. ಬೇಕಾದಾಗ ಒಂದು ಬಟ್ಟನ್ನು ಪುಟ್ಟ ಬಟ್ಟಲಲ್ಲಿ ಪುಡಿ ಮಾಡಿ, ಹನಿ ನೀರು ಬಿಟ್ಟು, ಅರ್ಧ ಗಂಟೆ ಸುಮ್ಮನೆ ನೆನೆಯಲು ಬಿಡಿ. ಆಮೇಲೆ ಇನ್ನಷ್ಟು ಹನಿ ಸೇರಿಸಿ ನೀರುದೋಸೆ ಹಿಟ್ಟಿನ ಹದಕ್ಕೆ ತನ್ನಿ. ಜೋರಾಗಿ ಕಲಕಿದರೆ ಗುಳ್ಳೆ ಏಳುತ್ತದೆ, ಆ ಗುಳ್ಳೆ ಚಿನ್ನದ ಮೇಲೆ ಗುಣಿಯಾಗಿ ಕೂರುತ್ತದೆ. ಗುಳ್ಳೆ ಒಡೆಯಲು ಹಳೆಯ ಪಾಕಗಳಲ್ಲಿ ಕಿವಿಯ ಗುಗ್ಗೆ ಹಾಕು ಎಂದಿದೆ. ಸೂಜಿಯೂ ಆಗುತ್ತದೆ, ನೆಂಟರು ಬಂದಾಗ ವಿವರಿಸುವ ಕಷ್ಟವೂ ಇಲ್ಲ.

ಹಲಗೆ ಮಟ್ಟಸವಾಗಿರಲಿ. ಕುಂಚದಲ್ಲಿ ದೊಡ್ಡ ಹನಿ ತೆಗೆದುಕೊಂಡು ಅಕ್ಷರದ ದಪ್ಪ ಭಾಗದ ನಡುವೆ ಬಿಟ್ಟು, ಅದನ್ನು ಅಂಚಿನವರೆಗೆ ಎಳೆಯುತ್ತ ಹೋಗಿ. ತೀಡಬೇಡಿ, ಹರಿಸಿ. ಮೂಲೆಗಳಿಗೆ ಸೂಜಿಮೊನೆಯಿಂದ ತಳ್ಳಿ. ಒಂದು ರಾತ್ರಿ ಒಣಗಲಿ. ನಡುವೆ ಕುಸಿದಿದ್ದರೆ ಇನ್ನೊಂದು ತೆಳು ಪದರ. ಪೂರ್ತಿ ಒಣಗಿದ ಮೇಲೆ ಬಾಗಿದ ಬ್ಲೇಡಿನಿಂದ ಹಗುರವಾಗಿ ಕೆರೆದು ನಯ ಮಾಡಿ. ಬೆರಳಿಗೆ ಸಿಗುವ ಪ್ರತಿ ಗೀರೂ ನಾಳೆ ಚಿನ್ನದಲ್ಲಿ ಎರಡರಷ್ಟಾಗಿ ಕಾಣುತ್ತದೆ.

ರೇಕು

ಡ್ಯೂಕಟ್ ಎಂಬ ಒಂದು ಚಿನ್ನದ ನಾಣ್ಯದಿಂದ ರೇಕು ಬಡಿಯುವವರು 145 ಹಾಳೆ ತೆಗೆಯುತ್ತಾರೆ, ನೂರಕ್ಕಿಂತ ಹೆಚ್ಚು ತೆಗೆಯಬಾರದು ಎಂದು ಚೆನ್ನೀನಿ ಗೊಣಗುತ್ತಾನೆ. ನಿಮಗೆ ಬೇಕಾದುದು 23 ಅಥವಾ 24 ಕ್ಯಾರೆಟ್ಟಿನ ಬಿಡಿ ರೇಕು. ಚಿನ್ನದ ಬಣ್ಣದ ಹಿತ್ತಾಳೆ ರೇಕು ಉಸಿರಿಗೆ ಹಿಡಿಯುವುದಿಲ್ಲ. ಕೊಳ್ಳುವಾಗ ಕೇಳಿ ತಿಳಿಯಿರಿ.

ಹೊತ್ತು ಬೆಳಗಿನ ಜಾವ. ಗಾಳಿಯಲ್ಲಿ ತೇವ ಬೇಕು. ಮಳೆಗಾಲದ ಕರಾವಳಿಯಲ್ಲಿ ಗಾಳಿಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಏಪ್ರಿಲ್ಲಿನ ಕಲಬುರಗಿಯಲ್ಲಾದರೆ ಕೋಣೆಯಲ್ಲಿ ಒದ್ದೆ ಬಟ್ಟೆ ತೂಗುಹಾಕಿ. ತೇವ ಅತಿಯಾದರೂ ಕೆಡುಕೇ: ಜೆಸ್ಸೊ ಮೆತ್ತಗಾಗಿ, ಉಜ್ಜಿದಾಗ ರೇಕು ಹರಿಯುತ್ತದೆ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ.

ಅಕ್ಷರಕ್ಕಿಂತ ತುಸು ದೊಡ್ಡದಾಗಿ ರೇಕನ್ನು ಕತ್ತರಿಸಿ ಕೈಯಳತೆಯಲ್ಲಿ ಇಟ್ಟುಕೊಳ್ಳಿ. ಕಾಗದದ ಕೊಳವೆಯ ಮೂಲಕ ಜೆಸ್ಸೊ ಮೇಲೆ ಹೊಟ್ಟೆಯಿಂದ ಎರಡು ಮೂರು ಸಲ 'ಹಾ' ಎಂದು ಉಸಿರು ಬಿಡಿ. ಊದುವುದಲ್ಲ; ಊದಿದ ಗಾಳಿ ಒಣ, ಹಬೆಯ ಉಸಿರು ತೇವ. ತಕ್ಷಣ ರೇಕು ಹಾಕಿ, ಮೇಲೆ ನಯವಾದ ಗ್ಲಾಸೀನ್ ಕಾಗದ ಇಟ್ಟು ಬೆರಳಿನಿಂದ ಒತ್ತಿ. ಎರಡು ಮೂರು ಕ್ಷಣ ತಡವಾದರೆ ತೇವ ಹಾರಿರುತ್ತದೆ, ಮತ್ತೆ ಉಸಿರಿನಿಂದ ಶುರು. ದೊಡ್ಡ ಅಕ್ಷರವನ್ನು ಒಮ್ಮೆಲೇ ಮಾಡದೆ ತುಂಡು ತುಂಡಾಗಿ ಮುಗಿಸಿ. ಬಿಟ್ಟುಹೋದ ಕಡೆ ಮತ್ತೆ ಉಸಿರು, ಮತ್ತೆ ರೇಕು. ಚಿನ್ನ ಚಿನ್ನಕ್ಕೆ ತಾನಾಗಿ ಅಂಟುವುದರಿಂದ ಎರಡನೇ ಪದರ ಸುಲಭ, ಹಾಕಲೇಬೇಕು ಕೂಡ.

ಉಜ್ಜಲು ಅವರು ನಾಯಿಯ ಹಲ್ಲು ಬಳಸುತ್ತಿದ್ದರು. ಸಿಂಹ, ತೋಳ, ಬೆಕ್ಕು, ಒಟ್ಟಿನಲ್ಲಿ ಮಾಂಸ ತಿನ್ನುವ ಪ್ರಾಣಿಯ ಹಲ್ಲು ಒಳ್ಳೆಯದು ಎನ್ನುತ್ತಾನೆ ಚೆನ್ನೀನಿ. ಸಿಂಹದ ಹಲ್ಲು ಎಷ್ಟು ಜನರಿಗೆ ಸಿಗುತ್ತಿತ್ತೋ! ಹಿಡಿ ಹಾಕಿದ ಅಗೇಟ್ ಕಲ್ಲು ಈಗ ಎಲ್ಲರೂ ಬಳಸುವುದು. ಮೊದಲು ಗ್ಲಾಸೀನ್ ಮೇಲಿಂದ, ಆಮೇಲೆ ನೇರ. ಮೊದಲು ಹಗುರ, ಆಮೇಲೆ ಒತ್ತಿ. ಕಲ್ಲು ಎಲ್ಲಾದರೂ ತಡೆದರೆ ಜೆಸ್ಸೊ ಇನ್ನೂ ಹಸಿ ಎಂದರ್ಥ. ಒಂದು ಗಂಟೆ ಬಿಟ್ಟು ಬನ್ನಿ. ಮುಖ ಕಾಣುವಷ್ಟು ಹೊಳಪು ಬಂದ ಮೇಲೆ ಸುತ್ತಲಿನ ಚಿಂದಿಯನ್ನು ಒಣ ಮೆತ್ತನೆ ಕುಂಚದಿಂದ ಗುಡಿಸಿ, ಅಂಚನ್ನು ಬ್ಲೇಡಿನ ತುದಿಯಿಂದ ನೇರ ಮಾಡಿ. ಗುಡಿಸಿದ ಚಿನ್ನ ಎಸೆಯಬೇಡಿ. ಜೇನಿನಲ್ಲಿ ಅರೆದು, ತೊಳೆದು, ಗೋಂದು ಬೆರೆಸಿದರೆ ಚಿನ್ನದ ಶಾಯಿಯಾಗುತ್ತದೆ. ಅದನ್ನು ಚಿಪ್ಪಿನಲ್ಲಿ ಇಡುತ್ತಿದ್ದುದರಿಂದ ಚಿಪ್ಪಿನ ಚಿನ್ನ ಎಂದೇ ಹೆಸರು.

ಬಣ್ಣ

ನೀಲಿಯ ರಾಜ ಅಲ್ಟ್ರಾಮರೀನ್. ಇಂದಿನ ಅಫ್ಘಾನಿಸ್ತಾನದ ಬದಖ್ಶಾನ್ ಗಣಿಗಳ ಲ್ಯಾಪಿಸ್ ಲಜುಲಿ ಕಲ್ಲಿನಿಂದ ತೆಗೆದದ್ದು. ಕಲ್ಲನ್ನು ಬರೀ ಅರೆದರೆ ಬೂದುಬಣ್ಣ ಬರುತ್ತದೆ. ಒಂದು ಪೌಂಡು ಪುಡಿಗೆ 6 ಔನ್ಸ್ ಪೈನ್ ರಾಳ, 3 ಔನ್ಸ್ ಮಾಸ್ಟಿಕ್ ಅಂಟು, 3 ಔನ್ಸ್ ಹೊಸ ಮೇಣ ಸೇರಿಸಿ ಕಣಕ ಕಟ್ಟಿ, ಮೂರು ಹಗಲು ಮೂರು ರಾತ್ರಿಯಾದರೂ ಇಟ್ಟು, ಬೂದಿ ನೀರಿನಲ್ಲಿ ಕೋಲುಗಳಿಂದ ನಾದಬೇಕು. ಕಲ್ಮಶ ಕಣಕದಲ್ಲೇ ಉಳಿದು ನೀಲಿ ಮಾತ್ರ ನೀರಿಗಿಳಿಯುತ್ತದೆ. ಮೊದಲ ನೀರಿನದು ಅತ್ಯುತ್ತಮ, ಕೊನೆಯದು ಬೂದುಬಣ್ಣದ್ದು. ಇದನ್ನು ಕೊಳ್ಳಲಾಗದವರಿಗೆ ಅಜುರೈಟ್ ಎಂಬ ಇನ್ನೊಂದು ನೀಲಿ ಕಲ್ಲಿತ್ತು. ನೀವು ಕೃತಕ ಅಲ್ಟ್ರಾಮರೀನ್ ಪುಡಿ ಬಳಸಿ.

ಗುಲಾಬಿಗೆ ಭಾರತದ ನಂಟಿದೆ. ಏಷ್ಯಾದ ಸಪ್ಪಂಗ ಮರದ ಕೆಂಪು ಚಕ್ಕೆಗಳು ಯುರೋಪಿಗೆ ಹೋಗುತ್ತಿದ್ದವು. ಬ್ರೆಜಿಲ್ ಎಂದು ಅದನ್ನು ಕರೆಯುತ್ತಿದ್ದರು, ದೇಶಕ್ಕೆ ಆ ಹೆಸರು ಬಂದದ್ದು ಆಮೇಲೆ. ನಮ್ಮ ಅರಗಿನ ಕೆಂಪೂ ಅದೇ ದಾರಿ ಹಿಡಿದಿತ್ತು. ಚಕ್ಕೆ ನೆನೆಸಿ ಕುದಿಸಿ, ಪಟಿಕದ ಪುಡಿ ಹಾಕಿ, ಸೀಮೆಸುಣ್ಣದ ಪುಡಿ ಉದುರಿಸಿದರೆ ಬಣ್ಣ ಸುಣ್ಣವನ್ನು ಹಿಡಿದು ತಳಕ್ಕೆ ಕೂರುತ್ತದೆ. ಬಿಸಿಲಿಗೆ ಮಾಸುತ್ತದೆ, ಆದರೂ ಒಮ್ಮೆ ಮಾಡಿ ನೋಡುವಂಥದ್ದು. ಇಂಗಳೀಕ, ಹರಿತಾಳ, ಸೀಸದ ಕೆಂಪು ಇವೆಲ್ಲ ಆಗಿನವರ ನಿತ್ಯದ ಬಣ್ಣಗಳು, ಎಲ್ಲವೂ ವಿಷ. ಅವುಗಳ ಹೆಸರಿನ ಆಧುನಿಕ ಬಣ್ಣಗಳು ಸಾಕು. ಕುಂಚವನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸವಿದ್ದರೆ ಇಲ್ಲಿಗೇ ಬಿಡಿ.

ಪುಡಿಯನ್ನು ಹಿಡಿದಿಡಲು ಗೋಂದು ಅಥವಾ ಗ್ಲೇರ್. ಮೊಟ್ಟೆಯ ಬಿಳಿಯನ್ನು ಗಟ್ಟಿ ನೊರೆ ಬರುವವರೆಗೆ ಕಡೆದು ಒಂದು ರಾತ್ರಿ ಬಿಟ್ಟರೆ ತಳದಲ್ಲಿ ತಿಳಿ ನೀರು ಇಳಿಯುತ್ತದೆ, ಅದೇ ಗ್ಲೇರ್. ನೊರೆ ಬೇಡ. ಗೋಂದು ಬಿರಿಯದಿರಲು ಒಂದು ತೊಟ್ಟು ಜೇನು. ಬೆರಳಿಂದ ಒರೆಸಿದರೆ ಬಣ್ಣ ಬಂದರೆ ಗೋಂದು ಕಡಿಮೆ, ಹೊಳೆದು ಬಿರುಕು ಬಿಟ್ಟರೆ ಹೆಚ್ಚು. ಇದೆಲ್ಲ ತಲೆನೋವೆನಿಸಿದರೆ ಮೊದಲ ಅಕ್ಷರಕ್ಕೆ ಗುವಾಶ್ ಎಂಬ ಸಿದ್ಧ ಬಣ್ಣದ ಟ್ಯೂಬ್ ಬಳಸಿ. ಕ್ರಮ ಕಲಿಯುವುದು ಮುಖ್ಯ.

ಹೊಟ್ಟೆಗೆ ಗುಲಾಬಿ, ಸುತ್ತ ನೀಲಿ. ಎರಡು ತೆಳು ಪದರ, ಒಂದು ದಪ್ಪ ಪದರಕ್ಕಿಂತ ಮೇಲು. ಚಿನ್ನದ ಅಂಚಿಗೆ ಕುಂಚದ ಮೊನೆ ತಾಗುವಂತೆ ಬನ್ನಿ, ಹತ್ತಬೇಡಿ. ಹತ್ತಿದರೆ ಒಣಗಿದ ಮೇಲೆ ಬ್ಲೇಡಿನಿಂದ ಎಬ್ಬಿಸಿ. ಒದ್ದೆ ಬಟ್ಟೆಯಿಂದ ಒರೆಸಲು ಹೋದರೆ ಜೆಸ್ಸೊ ಕರಗುತ್ತದೆ.

ಅಂಚಿಗೆ ಒಂದು ಎಲೆ

ಚೌಕದ ಮೂಲೆಯಿಂದ ಗಟಿಂಗನ್ ಪುಸ್ತಕದ ರೀತಿಯ ಸುರುಳಿ ಎಲೆಯೊಂದನ್ನು ಹೊರಡಿಸಿ. ಎಲೆಯ ಮುಂಬದಿ ಒಂದು ಬಣ್ಣ, ಮಗುಚಿಕೊಂಡ ಹಿಂಬದಿ ಇನ್ನೊಂದು. ಹಸಿರು-ಕೆಂಪು ಜೋಡಿ ಚೆನ್ನ. ಮೊದಲು ನಡುಬಣ್ಣ ಸಮವಾಗಿ. ಒಣಗಿದ ಮೇಲೆ ಅದೇ ಬಣ್ಣದ ಗಾಢ ಛಾಯೆಯಿಂದ ಮಡಿಕೆಯ ಒಳಗೆ ಸಣ್ಣ ಸಣ್ಣ ಗೀರು, ಇನ್ನೂ ಆಳಕ್ಕೆ ಇನ್ನೂ ಗಾಢ. ಕೊನೆಗೆ ಉಬ್ಬಿದ ಅಂಚಿಗೆ ಬಿಳಿ ಬೆರೆಸಿದ ತಿಳಿ ಛಾಯೆ. ಹಸಿಯಾಗಿರುವಾಗ ಬಣ್ಣ ಬೆರೆಸಿ ಮೇಳವಿಸುವುದು ಇಲ್ಲಿನ ರೀತಿಯಲ್ಲ; ಗೀರುಗಳೇ ನೆರಳು.

ಅಂಚು ಬರೆಯುವುದನ್ನು ಕಡೆಗಣಿಸಬೇಡಿ, ಅದೇ ಒಂದು ಕಸುಬಾಗಿತ್ತು. ಫ್ರಾನ್ಸಿನ ಲೇಖಕಿ ಕ್ರಿಸ್ತೀನ್ ದ ಪಿಸಾಂ 1405ರಲ್ಲಿ ಹೆಂಗಸರ ಸಾಮರ್ಥ್ಯದ ಬಗ್ಗೆ ಬರೆದ ಕೃತಿಯಲ್ಲಿ ಅನಸ್ತಾಸಿಯಾ ಎಂಬಾಕೆಯನ್ನು ಹೊಗಳುತ್ತಾಳೆ. ಅಂಚು ಮತ್ತು ಹಿನ್ನೆಲೆ ಚಿತ್ರಿಸುವುದರಲ್ಲಿ ಪ್ಯಾರಿಸಿನಲ್ಲೇ ಆಕೆಗೆ ಸಾಟಿ ಇರಲಿಲ್ಲವಂತೆ.

ಬಿಳಿ, ಕಪ್ಪು

ಅತಿ ಸಣ್ಣ ಕುಂಚದಲ್ಲಿ, ಹರಿಯುವಷ್ಟು ತೆಳುವಾದ ಬಿಳಿಯಿಂದ ನೀಲಿಯ ಮೇಲೂ ಗುಲಾಬಿಯ ಮೇಲೂ ಬಳ್ಳಿ, ಚುಕ್ಕೆ, ಮೂರೆಸಳು. ಮೊದಲು ಬೇರೆ ಹಾಳೆಯ ಮೇಲೆ ಅದೇ ನೀಲಿ ಬಳಿದು ಕೈ ಪಳಗಿಸಿ. ಗೆರೆ ಎಳೆಯುವಾಗ ಬೆರಳಲ್ಲ, ಇಡೀ ಕೈ ಚಲಿಸಬೇಕು. ಕಟ್ಟಕಡೆಗೆ ಚಿನ್ನದ ಸುತ್ತ ಮತ್ತು ಚೌಕದ ಸುತ್ತ ಕಪ್ಪು ಗೆರೆ. ಅಲ್ಲಿಯವರೆಗೆ ಅಂಕುಡೊಂಕಾಗಿ ಕಂಡ ಅಂಚುಗಳೆಲ್ಲ ಆ ಒಂದು ಗೆರೆಗೆ ನೆಟ್ಟಗಾಗುತ್ತವೆ.

ಕೆಟ್ಟರೆ, ಉಳಿದರೆ

ರೇಕು ಹಿಡಿಯದೇ ಹೋದರೆ ತೇವ ಸಾಲದು ಅಥವಾ ಸಕ್ಕರೆ ಕಡಿಮೆ. ಜೆಸ್ಸೊ ಬಿರುಕು ಬಿಟ್ಟರೆ ಅಂಟು ಹೆಚ್ಚು ಅಥವಾ ಪದರ ದಪ್ಪ. ಕೆರೆದು ತೆಗೆದು ಮತ್ತೆ ಹಾಕಿ, ತೇಪೆ ಹಚ್ಚಬೇಡಿ. ಹೊಳಪು ಮಂಕಾಗಿದ್ದರೆ ಒಣ ಹವೆಯ ದಿನ ಮತ್ತೊಮ್ಮೆ ಉಜ್ಜಿ.

ಅರ್ಧಕ್ಕೆ ನಿಂತರೂ ಬೇಸರ ಬೇಡ. ಬೆರಿಯ ಡ್ಯೂಕ್‌ಗಾಗಿ ಚಿತ್ರಕಾರರಾದ ಲಿಂಬರ್ಗ್ ಸೋದರರು ಮಾಡುತ್ತಿದ್ದ, ಈಗ ಫ್ರಾನ್ಸಿನ ಶಾಂತಿಯಿ ಊರಿನಲ್ಲಿರುವ ಪ್ರಸಿದ್ಧ ಪ್ರಾರ್ಥನಾ ಪುಸ್ತಕ 1416ರಲ್ಲಿ ಡ್ಯೂಕ್ ಮತ್ತು ಮೂವರು ಸೋದರರೂ ತೀರಿಕೊಂಡಾಗ ಅರೆಬರೆಯಾಗಿತ್ತು. ಜ್ಯಾಂ ಕೊಲೊಂಬ್ ಎಂಬ ಚಿತ್ರಕಾರ ಅದನ್ನು ಮುಂದುವರಿಸಿದ್ದು 1485ರ ಸುಮಾರಿಗೆ.

ಮುಗಿದ ಹಾಳೆಯನ್ನು ಸುರುಳಿ ಸುತ್ತಬೇಡಿ. ಕಟ್ಟು ಹಾಕಿಸುವುದಾದರೆ ಗಾಜು ಚಿನ್ನಕ್ಕೆ ತಾಗದಂತೆ ನಡುವೆ ದಪ್ಪ ಮೌಂಟ್ ಹಾಕಿಸಿ, ನೇರ ಬಿಸಿಲು ಬೀಳದ ಗೋಡೆ ನೋಡಿ. ತೊಗಲಿನ ಮೇಲೆ ಬರೆದಿದ್ದರೆ ಇನ್ನೊಂದು ಎಚ್ಚರ: ತೇವಕ್ಕೆ ಅದು ಉಬ್ಬಿ ಡೊಂಕಾಗುತ್ತದೆ. ಹಳೆಯ ಪುಸ್ತಕಗಳಿಗೆ ಮರದ ರಟ್ಟು, ಲೋಹದ ಕೊಂಡಿ ಹಾಕುತ್ತಿದ್ದುದು ಪುಟಗಳನ್ನು ಒತ್ತಿ ಹಿಡಿಯಲೆಂದೇ. ನಿಮ್ಮ ಹಾಳೆಯ ಮೇಲೆ ನಯವಾದ ಕಾಗದ ಹೊದಿಸಿ, ಎರಡು ರಟ್ಟುಗಳ ನಡುವೆ ಮಟ್ಟಸವಾಗಿ ಮಲಗಿಸಿಡಿ.